ಕಿರುಮೆದುಳಿನ ರೋಗ ಮತ್ತು ದೇಹದ ಸಮತೋಲ: ಅಧ್ಯಯನದ ಇತಿಹಾಸ

ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಕೆಳಗಿರುವ ಕಿರುಮೆದುಳು ಅಥವಾ ಅನುಮಸ್ತಿಷ್ಕಕ್ಕೆ ರೋಗ ತಗುಲಿದರೆ ಕೈಕಾಲಿನ ಬಲ ಅಷ್ಟಾಗಿ ಉಡುಗುವುದಿಲ್ಲ, ಆಯ ತಪ್ಪುತ್ತದೆ. ರೋಗಿ ಪಾದ ಅಗಲಿಸಿ ನಿಲ್ಲುತ್ತಾನೆ, ತೂರಾಡುತ್ತ ನಡೆಯುತ್ತಾನೆ, ತಿರುಗುವಾಗ ಜೋಲಿ ಹೊಡೆಯುತ್ತಾನೆ. ಹನಿ ಮದ್ಯ ಮುಟ್ಟದವನೂ ಕುಡುಕನೆನಿಸಿಕೊಳ್ಳಬಹುದು.

1824ರಲ್ಲಿ ಫ್ರಾನ್ಸಿನ ಪಿಯೆರ್ ಫ್ಲೂರಾನ್ಸ್ ಪಾರಿವಾಳಗಳ ಕಿರುಮೆದುಳನ್ನು ಪದರಪದರವಾಗಿ ತೆಗೆದು ನೋಡಿದ. ಚಲಿಸುವ ಶಕ್ತಿ ಉಳಿದು, ಚಲನೆಯ ಹೊಂದಾಣಿಕೆ ಮಾತ್ರ ಕೆಟ್ಟಿತ್ತು. ಮನುಷ್ಯರಲ್ಲಿ ಇದನ್ನು ಸ್ಪಷ್ಟಪಡಿಸಿದ್ದು ಯುದ್ಧ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿದ ಗಾರ್ಡನ್ ಹೋಮ್ಸ್, ಗಾಯವಾದ ಬದಿಯ ಕೈಕಾಲೇ ಅಳತೆ ತಪ್ಪುವುದನ್ನು 1917ರಲ್ಲಿ ವಿವರಿಸಿದ.

ಭಾರತದ ದೊಡ್ಡ ಕೊಡುಗೆ ಬಂದದ್ದು ಪ್ರಯೋಗಾಲಯದಿಂದಲ್ಲ, ರೋಗಿಯ ಕಣ್ಣನ್ನು ಗಮನಿಸಿದ್ದರಿಂದ. ಮುಂಬೈಯ ನೋಶಿರ್ ವಾಡಿಯಾ ಮತ್ತು ಸ್ವಾಮಿ 1971ರಲ್ಲಿ ಒಂಬತ್ತು ಕುಟುಂಬಗಳ ಆನುವಂಶಿಕ ಅಟಾಕ್ಸಿಯಾವನ್ನು, ಅಂದರೆ ಚಲನೆಯ ಹೊಂದಾಣಿಕೆ ತಪ್ಪುವ ರೋಗವನ್ನು, ವರ್ಣಿಸಿದರು. ಅವರಲ್ಲಿ ಕಣ್ಣಿನ ಚಲನೆಯೂ ನಿಧಾನವಾಗಿತ್ತು. ಇಂದು ಎಸ್‌ಸಿಎ-2 (ಸ್ಪೈನೋಸೆರೆಬೆಲ್ಲಾರ್ ಅಟಾಕ್ಸಿಯಾ-2) ಎನ್ನುವ ಈ ರೋಗದ ಜೀನ್ ಸಿಕ್ಕಿದ್ದು 1996ರಲ್ಲಿ, ಕಾಲು ಶತಮಾನದ ನಂತರ. ಕರ್ನಾಟಕದಲ್ಲಿ ಈ ಕೆಲಸದ ಕೇಂದ್ರ 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್. ದಕ್ಷಿಣ ಭಾರತದ ರೋಗಿಗಳಲ್ಲಿ ಎಸ್‌ಸಿಎ-1, 2, 3ರ ಜೀನ್ ದೋಷಗಳನ್ನು ಹುಡುಕಿದ ಅಲ್ಲಿನ ಅಧ್ಯಯನ 2007ರಲ್ಲಿ ಪ್ರಕಟವಾಯಿತು.

ನಿಲುವನ್ನು ಯಂತ್ರದಿಂದ ಅಳೆಯತೊಡಗಿದ ಮೇಲೆ ಚಿತ್ರ ಇನ್ನಷ್ಟು ನಿಚ್ಚಳವಾಯಿತು. ಕಿರುಮೆದುಳಿನ ಮುಂಭಾಗ ಸವೆದವರ ದೇಹ ಸೆಕೆಂಡಿಗೆ ಸುಮಾರು ಮೂರು ಬಾರಿ ಹಿಂದುಮುಂದಾಗಿ ಓಲಾಡುತ್ತದೆಂದು 1979ರಲ್ಲಿ ಜರ್ಮನ್ ಸಂಶೋಧಕರು ತೋರಿಸಿದರು. 1994ರಲ್ಲಿ ಹೊರಾಕ್ ಮತ್ತು ಡೀನರ್ ಕಂಡದ್ದು ಬೇರೆಯೇ ದೋಷ: ಕಾಲಡಿಯ ಹಲಗೆ ಎಷ್ಟು ಸರಿಯಲಿದೆಯೆಂದು ಮೊದಲೇ ಅಂದಾಜು ಸಿಕ್ಕರೂ ರೋಗಿಯ ದೇಹ ಅದಕ್ಕೆ ತಕ್ಕಷ್ಟೇ ಪ್ರತಿಕ್ರಿಯಿಸುವುದಿಲ್ಲ, ಅಗತ್ಯಕ್ಕಿಂತ ಹೆಚ್ಚು ಬಲ ಹಾಕುತ್ತದೆ. ಬೀಳದಿರಲು ಮಾಡಿದ ಪ್ರಯತ್ನವೇ ಬೀಳಿಸುತ್ತದೆ.

ನಡಿಗೆ ಕೆಟ್ಟದ್ದೆಲ್ಲ ಕಿರುಮೆದುಳಿನ ರೋಗವಲ್ಲ. ಮ್ಯಾಂಗನೀಸ್ ಇದಕ್ಕೊಂದು ಉದಾಹರಣೆ. ಹೊಸಪೇಟೆ, ಪಾಪಿನಾಯಕನಹಳ್ಳಿಗಳಿಗೆ ಸಮೀಪದ ಸಂಡೂರಿನ ಗಣಿಗಳಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸ್ ಅದಿರೂ ಸಿಗುತ್ತದೆ. ಮ್ಯಾಂಗನೀಸ್ ವಿಷವೇರಿಕೆ ಮೆದುಳಿನ ಒಳಗಿನ ತಳಗಂಟುಗಳನ್ನು (ಬೇಸಲ್ ಗ್ಯಾಂಗ್ಲಿಯಾ) ಕೆಡಿಸಿ ತುದಿಗಾಲಿನ, ಬಿಗಿದ ನಡಿಗೆ ತರಬಲ್ಲದು. ದೀರ್ಘಕಾಲದ ಮದ್ಯಪಾನ, ಮೂರ್ಛೆರೋಗದ ಮಾತ್ರೆ ಫೆನಿಟಾಯಿನ್‌ನ ಅತಿಪ್ರಮಾಣ ಮಾತ್ರ ಕಿರುಮೆದುಳನ್ನೇ ಕಾಡುತ್ತವೆ. ಮಾತ್ರೆಯಿಂದ ಬಂದ ತೂರಾಟ ಬೇಗ ಗುರುತಾದರೆ ಪ್ರಮಾಣ ತಗ್ಗಿಸಿದಾಗ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಕಿರುಮೆದುಳಿನ ಸವೆತದ ರೋಗಗಳಲ್ಲಿ ನಾಲ್ಕು ವಾರಗಳ ತೀವ್ರ ವ್ಯಾಯಾಮ ಸಮತೋಲವನ್ನು ಸುಧಾರಿಸಿದ್ದನ್ನು 2009ರ ಜರ್ಮನ್ ಅಧ್ಯಯನ ದಾಖಲಿಸಿದೆ. ಅಭ್ಯಾಸವನ್ನು ಮನೆಯಲ್ಲೂ ಬಿಡದೆ ಮುಂದುವರಿಸಬೇಕಾಗುತ್ತದೆ.