ಟ್ಯಾಂಕು: ಕೆರೆಯಿಂದ ಫಿರಂಗಿಯವರೆಗೆ

ಹಾಸನದಿಂದ ಅರಸೀಕೆರೆ ರಸ್ತೆಯಲ್ಲಿ ಹತ್ತು ಕಿಲೋಮೀಟರಿನಷ್ಟು ಹೋದರೆ ಕೊರವಂಗಲಕ್ಕೆ ಹೊರಳುವ ದಾರಿ ಸಿಗುತ್ತದೆ. ಹೊಯ್ಸಳ ಇಮ್ಮಡಿ ಬಲ್ಲಾಳ ಪಟ್ಟಕ್ಕೆ ಬಂದ 1173ರಲ್ಲಿ ಬೂಚಿರಾಜ ಕಟ್ಟಿಸಿದ ಬೂಚೇಶ್ವರ ದೇಗುಲ ಅಲ್ಲಿದೆ. ಪಶ್ಚಿಮದಲ್ಲಿ ಶಿವ, ಅವನೆದುರು ಸೂರ್ಯ. ಅದನ್ನು ನೋಡಲು ಹೋಗಿದ್ದ ನಾವು ಹಿರಿಯರೊಬ್ಬರಲ್ಲಿ ದಾರಿ ಕೇಳಿದೆವು. 'ಟ್ಯಾಂಕ್ ತಾವ ತಿರುಗ್ಕಳಿ' ಎಂದರು. ನಾವು ಏರಿ ಎಲ್ಲಿದೆ, ತೂಬು ಎಲ್ಲಿದೆ ಎಂದು ಕಣ್ಣು ಹಾಯಿಸುತ್ತಾ ತಿರುವನ್ನು ದಾಟಿ ಮುಂದೆ ಹೋಗಿಬಿಟ್ಟೆವು. ಅವರು ಹೇಳಿದ್ದು ಕಾಂಕ್ರೀಟ್ ಕಾಲುಗಳ ಮೇಲೆ ನಿಂತ ನೀರಿನ ಟ್ಯಾಂಕಿನ ಬಗ್ಗೆ.

ತಪ್ಪು ನಮ್ಮದೇ. ಬ್ರಿಟಿಷರ ಕಾಲದ ಗೆಜೆಟಿಯರುಗಳನ್ನು ಹೆಚ್ಚು ಓದಿದವರಿಗೆ ಆಗುವ ತೊಂದರೆ ಇದು. ಅವುಗಳಲ್ಲಿ ಟ್ಯಾಂಕ್ ಎಂದರೆ ಕೆರೆ. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿ ಬರೆದ ವರದಿಯಲ್ಲಿ ಈ ಸೀಮೆಯ ಜನ ನೀರು ಹಿಡಿಯುವ ಕೆಲಸವನ್ನು ಎಷ್ಟು ಪೂರ್ತಿಯಾಗಿ ಮಾಡಿದ್ದಾರೆಂದರೆ ಹೊಸ ಟ್ಯಾಂಕಿಗೆ ಜಾಗ ಹುಡುಕುವುದೇ ಒಂದು ಜಾಣತನದ ಕೆಲಸ ಎಂಬ ಅರ್ಥದ ಮಾತಿದೆ. ಆತನ ಹೆಸರಿನ ಕೆರೆ ಬೆಂಗಳೂರಿನಲ್ಲಿ ಇಂದಿಗೂ ಸ್ಯಾಂಕಿ ಟ್ಯಾಂಕ್.

ಆದರೆ ನಮ್ಮ ಜನ ನೀರು ನಿಲ್ಲುವ ಜಾಗಕ್ಕೆ ಒಂದೇ ಹೆಸರು ಇಟ್ಟವರಲ್ಲ. ಕೆರೆ ಬೇರೆ, ಕಟ್ಟೆ ಬೇರೆ, ಕುಂಟೆ ಬೇರೆ. ಕೊಳ, ಹೊಂಡ, ಕಲ್ಯಾಣಿ, ತೊಟ್ಟಿ ಒಂದೊಂದರ ಉಪಯೋಗವೂ ಬೇರೆ. ದೊಡ್ಡದನ್ನು ಸಮುದ್ರವೆಂದೇ ಕರೆದರು. ಹಳೇಬೀಡಿನ ದೋರಸಮುದ್ರ ರಾಜಧಾನಿಯ ಹೆಸರೂ ಆಯಿತು. ಉರ್ದುವಿನಲ್ಲಿ ತಾಲಾಬ್ ಇದೆ, ಅದರ ಬಾಲದಲ್ಲಿ ಫಾರಸಿಯ 'ಆಬ್', ಅಂದರೆ ನೀರು. ಮಸೀದಿಯಲ್ಲಿ ವುಜೂ ಮಾಡುವ ಹೌಜ್ ಅರಬಿಯದು. ಬಿಜಾಪುರದವರು ತಾಜ್ ಬಾವಡಿ ಎಂದರೆ ಮೆಟ್ಟಿಲು ಬಾವಿ, ಬೇಗಂ ತಾಲಾಬ್ ಎಂದರೆ ಕೆರೆ. ಇಂಗ್ಲಿಷಿನ ಕಡತ ಇಷ್ಟನ್ನೂ ಒಂದೇ ಪದದಲ್ಲಿ ಅದ್ದಿಬಿಟ್ಟಿತು.

ಆ ಪದವಾದರೂ ಇಂಗ್ಲಿಷರದೇ ಎಂದರೆ ಅಲ್ಲ. ಗುಜರಾತಿನಲ್ಲಿ, ರಾಜಸ್ಥಾನದಲ್ಲಿ ಮಳೆನೀರು ಹಿಡಿಯುವ ನೆಲದೊಳಗಿನ ತೊಟ್ಟಿಗೆ ಟಾಂಕಾ, ಟಾಂಕು ಎನ್ನುತ್ತಾರೆ. ಮರಾಠಿ ಕೋಟೆಗಳಲ್ಲಿ ಬಂಡೆ ಕೊರೆದು ಮಾಡಿದ ಹೊಂಡಕ್ಕೆ ಟಾಕೆ ಎಂಬ ಹೆಸರಿದೆ. ಅತ್ತ ಪೋರ್ಚುಗೀಸರ ಭಾಷೆಯಲ್ಲಿ 'ತಾಂಕ್' ಎಂಬ ಪದವಿತ್ತು. ನಿಂತ ನೀರನ್ನು ಹೇಳುವ ಲ್ಯಾಟಿನ್ನಿನ 'ಸ್ತಾಗ್ನುಮ್' ಅದರ ಮೂಲ. ಪಡುವಣ ಕರಾವಳಿಗೆ ಬಂದಿಳಿದ ಪೋರ್ಚುಗೀಸರ ಕಿವಿಗೆ ತಮ್ಮ ಪದವೇ ಇಲ್ಲಿಯವರ ಬಾಯಲ್ಲೂ ಕೇಳಿಸಿದಂತಾಗಿರಬೇಕು. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಯೂಲ್ ಮತ್ತು ಬರ್ನೆಲ್ ಎರಡೂ ಮೂಲಗಳನ್ನು ಮುಂದಿಟ್ಟಿದ್ದಾರೆ. ನಮಗೆ ಇದು ಎರಡು ಹಳ್ಳಗಳು ಕೂಡಿದ ಜಾಗದಂತೆ ಕಾಣುತ್ತದೆ. ಕೂಡಿದ ಮೇಲೆ ಯಾವ ನೀರು ಯಾವುದೆಂದು ಬೇರ್ಪಡಿಸುವುದು ಕಷ್ಟ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಸೇರಿದ ಪದ ಆಮೇಲೆ ದೊಡ್ಡ ಪಾತ್ರೆ, ಪೆಟ್ಟಿಗೆ ಎಂಬ ಅರ್ಥವನ್ನೂ ಪಡೆಯಿತು. ಆ ಪೆಟ್ಟಿಗೆಯೇ ನಮ್ಮ ಮನೆಗಳ ಮಾಳಿಗೆಗೆ ಹಿಂದಿರುಗಿತು. ನಮ್ಮ ದಖನಿ ಮಾತಿನಲ್ಲಿ ಅದು ಟಾಂಕಿ. 'ಟಾಂಕಿ ಭರ್ ಗಯೀ ಕ್ಯಾ' ಎಂದು ಬೆಳಗಾದರೆ ಕೂಗುವ ಮನೆಗಳಲ್ಲಿ ಯಾರೂ ಅದನ್ನು ಇಂಗ್ಲಿಷ್ ಎಂದುಕೊಂಡಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ತಮಾಷೆಯ ಕತೆಯಾಗುತ್ತಿತ್ತು. 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದ ಕಾರ್ಖಾನೆಯಲ್ಲಿ ಉಕ್ಕಿನ ಹೊದಿಕೆಯ, ಹಲ್ಲುಪಟ್ಟಿಯ ಮೇಲೆ ತೆವಳುವ ಯುದ್ಧಯಂತ್ರ ತಯಾರಾಗುತ್ತಿತ್ತು. ಜರ್ಮನರಿಗೆ ಸುಳಿವು ಸಿಗಬಾರದು. ಮೆಸಪೊಟೇಮಿಯಾದ ಮರುಭೂಮಿಗೆ ನೀರು ಸಾಗಿಸುವ ಗಾಡಿಗಳಿವು ಎಂದು ಸುದ್ದಿ ಹಬ್ಬಿಸಿದರು. ಗುಟ್ಟಿನ ಹೆಸರಿಗಾಗಿ ತೊಟ್ಟಿ, ಜಲಾಶಯ ಎಂಬರ್ಥದ ಬೇರೆ ಪದಗಳನ್ನೂ ಯೋಚಿಸಿ, ಚಿಕ್ಕದಾಗಿದೆಯೆಂದು ಟ್ಯಾಂಕ್ ಎಂಬುದನ್ನೇ ಇಟ್ಟುಕೊಂಡರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲ ಸಲ ಇಳಿಯಿತು. ತಂದ 49ರಲ್ಲಿ ಹೊರಡುವ ಜಾಗ ಮುಟ್ಟಿದ್ದು 32 ಮಾತ್ರ. ಆದರೂ ಸುಳ್ಳಿಗೆ ಇಟ್ಟ ಹೆಸರೇ ಕೊನೆಗೆ ನಿಜವಾಯಿತು.

ಸುಳ್ಳು ಹೇಳುವುದಕ್ಕೂ ಮೆಸಪೊಟೇಮಿಯಾವೇ ಬೇಕಾಯಿತೇ? ಅಂದು ಅಲ್ಲಿ ಬಾಯಾರಿದ್ದವರು ಹೆಚ್ಚಾಗಿ ನಮ್ಮವರೇ. ಮೊದಲ ಮಹಾಯುದ್ಧದಲ್ಲಿ ಹಿಂದೂಸ್ತಾನದ ಸಿಪಾಯಿಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಹೋದ ರಣರಂಗ ಅದು. ಇದೇ 1916ರ ಏಪ್ರಿಲ್ 29ರಂದು, ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಹಸಿದು, ಕೂತ್ ಪಟ್ಟಣದಲ್ಲಿ ಸುಮಾರು 13 ಸಾವಿರ ಮಂದಿ ತುರ್ಕರಿಗೆ ಶರಣಾದರು. ಅವರಲ್ಲಿ ಹೆಚ್ಚಿನವರು ಈ ನೆಲದವರು. ಅವರಿಗಾಗಿ ಎಂದು ಹೇಳಿದ ನೀರಿನ ಗಾಡಿ ಎಲ್ಲಿಯೂ ಇರಲಿಲ್ಲ.

ಅರಬರು ಆ ಯಂತ್ರಕ್ಕೆ ನೀರಿನ ಹೆಸರು ಇಡಲಿಲ್ಲ. ತೆವಳುವುದು ಎಂಬರ್ಥದ ದಬ್ಬಾಬಾ ಎಂದರು. ಹಿಂದೆ ಕೋಟೆಗೋಡೆ ಒಡೆಯಲು ಸೈನಿಕರು ಒಳಗೆ ಅಡಗಿ ತಳ್ಳಿಕೊಂಡು ಹೋಗುತ್ತಿದ್ದ ಗಾಡಿಯ ಹೆಸರದು. ಜರ್ಮನರದು ಕವಚ, ಫ್ರೆಂಚರದು ರಥ. 2003ರ ಏಪ್ರಿಲ್ 9ರಂದು ಅಮೆರಿಕದ ಟ್ಯಾಂಕುಗಳು ಬಗ್ದಾದಿನ ಫಿರ್ದೌಸ್ ಚೌಕಕ್ಕೆ ಬಂದುದನ್ನು ನಾವು ಟಿವಿಯಲ್ಲಿ ನೋಡಿದೆವು. ಸುಳ್ಳಿನಲ್ಲಿ ನೀರು ಹೊತ್ತು ಹೊರಟದ್ದು 87 ವರ್ಷಗಳ ಮೇಲೂ ಆ ನೆಲದಲ್ಲಿ ತೆವಳುತ್ತಿತ್ತು, ನೀರಿಲ್ಲದೆ. ಮರುದಿನದ ನಮ್ಮ ಕನ್ನಡ, ಉರ್ದು ಪತ್ರಿಕೆಗಳು ಅದಕ್ಕೆ ಟ್ಯಾಂಕು ಎಂದೇ ಬರೆದವು. ನಮ್ಮಲ್ಲಿ ಆ ಮಾತಿನ ಇನ್ನೊಂದು ಅರ್ಥ ಕೆರೆ ಎಂಬುದು ಯಾರಿಗೂ ನೆನಪಾದಂತಿರಲಿಲ್ಲ, ನಮಗೂ ಆಗಲಿಲ್ಲ.

ಕೆರೆಗೂ ಯುದ್ಧಕ್ಕೂ ನಂಟು ಇಲ್ಲವೇ ಇಲ್ಲ ಎನ್ನುವಂತಿಲ್ಲ. 1746ರಲ್ಲಿ ತೊಣ್ಣೂರಿನ ದಡದಲ್ಲಿ ಬೀಡುಬಿಟ್ಟ ನಾಸಿರ್ ಜಂಗ್ ತಿಳಿನೀರಿಗೆ ಮರುಳಾಗಿ ಅದನ್ನು ಮೋತಿ ತಾಲಾಬ್ ಎಂದು ಕರೆದನಂತೆ. ಟಿಪ್ಪು ಸುಲ್ತಾನ್ ಅದೇ ಕೆರೆಯ ಏರಿಯನ್ನು, ನೀರು ಶತ್ರುವಿಗೆ ಸಿಗಬಾರದೆಂದು ಒಡೆಸಿದನೆಂದು ಗೆಜೆಟಿಯರ್ ಹೇಳುತ್ತದೆ.

ಯುದ್ಧವಿಲ್ಲದೆ ಹೋದ ಕೆರೆಗಳೇ ಹೆಚ್ಚು. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅವುಗಳ ಜಾಗಕ್ಕೆ ಟ್ಯಾಂಕರ್ ಬಂತು. 2024ರ ಮಾರ್ಚಿನಲ್ಲಿ ಆ ಟ್ಯಾಂಕರಿಗೆ ಇಷ್ಟೇ ದರವೆಂದು ಜಿಲ್ಲಾಡಳಿತವೇ ಕಟ್ಟು ಹಾಕಬೇಕಾಯಿತು. ಇನ್ನೊಂದು ಟ್ಯಾಂಕಿದೆ, ಮನೆಯ ಹಿಂದೆ ಮುಚ್ಚಿಟ್ಟಿರುವಂಥದು. ಅದರೊಳಕ್ಕೆ ಮನುಷ್ಯನನ್ನು ಇಳಿಸಬಾರದೆಂದು 2013ರಲ್ಲಿ ಕಾನೂನಾದ ಮೇಲೂ ಇಳಿದು ಸತ್ತವರ ಸುದ್ದಿ ಬರುತ್ತಲೇ ಇದೆ. ಪತ್ರಿಕೆಯ ಒಳಪುಟದಲ್ಲಿ, ನಾಲ್ಕು ಸಾಲು.

ಕೊರವಂಗಲದಿಂದ ಹಿಂದಿರುಗುವಾಗ ಆ ಹಿರಿಯರು ಮತ್ತೆ ಸಿಕ್ಕರು. ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದರು. ನಾವು ದಾರಿ ತಪ್ಪಿದ್ದನ್ನು ಹೇಳಿದಾಗ ನಕ್ಕು, 'ಕೆರೆಗೆ ಕೆರೆ ಅಂತೀವಲ್ಲ ಸ್ವಾಮಿ, ಟ್ಯಾಂಕ್ ಅಂತ ಯಾಕಂತೀವಿ?' ಎಂದರು.