ಪದೇ ಪದೇ ಡಿಸ್ಕ್ ತಪಾಸಣೆ: ದೋಷ ಡಿಸ್ಕಿನದೇ ಆಗಿರಬೇಕಿಲ್ಲ

ಹಳೆಯ ಕಂಪ್ಯೂಟರಿನ ಸ್ವಿಚ್ ಹಾಕಿದೊಡನೆ ನೀಲಿ ಪರದೆ ಮೂಡುತ್ತದೆ. ಡಿಸ್ಕನ್ನು ತಪಾಸಣೆಗೆ ಒಳಪಡಿಸಬೇಕೆಂಬ ಸೂಚನೆ ಬರುತ್ತದೆ. ಕೆಲವು ಸೆಕೆಂಡುಗಳಲ್ಲಿ ಯಾವ ಕೀಲಿಯನ್ನೂ ಒತ್ತದಿದ್ದರೆ ತಪಾಸಣೆ ಆರಂಭವಾಗಿ, ದೋಷ ಸರಿಪಡಿಸಿದ ವರದಿಯೂ ಕಾಣುತ್ತದೆ. ಮರುದಿನ ಮತ್ತೆ ಅದೇ ಕಥೆ.

ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರಗಳಲ್ಲಿ ಇದು ಚಿರಪರಿಚಿತ ತೊಂದರೆ. 2001ರಲ್ಲಿ ಬಿಡುಗಡೆಯಾದ ಈ ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ರಂದೇ ಕೊನೆಗೊಂಡಿತು. ಆದರೂ ಹಳೆಯ ನುಡಿ, ಬರಹ ಕಡತಗಳಿಗಾಗಿಯೋ ಕುಟುಂಬದ ಛಾಯಾಚಿತ್ರಗಳಿಗಾಗಿಯೋ ಇಂಥ ಯಂತ್ರವನ್ನು ಉಳಿಸಿಕೊಂಡವರಿದ್ದಾರೆ.

ಡಿಸ್ಕಿನ ಪ್ರತಿ ವಿಭಾಗಕ್ಕೂ ‘ಡರ್ಟಿ ಬಿಟ್’ ಎಂಬ ಗುರುತೊಂದಿದೆ. ಕಡತ ವ್ಯವಸ್ಥೆಯಲ್ಲಿ ಅಸಂಗತತೆ ಕಂಡಾಗ ವಿಂಡೋಸ್ ಈ ಗುರುತು ಹಾಕುತ್ತದೆ. ಮುಂದಿನ ಆರಂಭದಲ್ಲಿ ತಪಾಸಣೆ ನಡೆಯುವುದು ಇದರಿಂದಲೇ. ಫ್ಯಾಟ್32 ವಿಭಾಗವಾದರೆ ಕೆಲಸದ ನಡುವೆ ಕರೆಂಟ್ ಹೋದದ್ದಷ್ಟೇ ಸಾಕು. ಅಂಥ ಕಡೆ ಯುಪಿಎಸ್ ಬ್ಯಾಟರಿ ಬದಲಿಸಿದರೆ ತೊಂದರೆ ಮುಗಿಯಬಹುದು. ‘ಚೆಕ್‌ಎನ್‌ಟಿಎಫ್‌ಎಸ್’ ಆಜ್ಞೆಯಿಂದ ತಪಾಸಣೆಯನ್ನೇ ನಿಲ್ಲಿಸಬಹುದೆಂದು ಕೆಲವರು ಹೇಳುವುದುಂಟು. ಅದು ಸೂಚನೆಯನ್ನು ಅಡಗಿಸುತ್ತದೆಯೇ ಹೊರತು ದೋಷವನ್ನಲ್ಲ.

ಸರಿಯಾಗಿ ಮುಚ್ಚಿದರೂ ದೋಷ ಮರುಕಳಿಸಿದಲ್ಲಿ ಮೊದಲು ಆಗಬೇಕಾದದ್ದು ದುರಸ್ತಿಯಲ್ಲ, ಕಡತಗಳ ನಕಲು. ಅದನ್ನೂ ಅದೇ ಯಂತ್ರದಲ್ಲಿ ಮಾಡದಿರುವುದು ಕ್ಷೇಮ. ರ‍್ಯಾಮ್ ಕೆಟ್ಟಿದ್ದರೆ ನಕಲಾಗುವ ಕಡತವೂ ಸದ್ದಿಲ್ಲದೆ ಕೆಡುತ್ತದೆ. ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಪರಿವರ್ತಕದ ಮೂಲಕ ಸುಸ್ಥಿತಿಯ ಮತ್ತೊಂದು ಕಂಪ್ಯೂಟರಿಗೆ ಜೋಡಿಸಿ ನಕಲು ಮಾಡಿಕೊಳ್ಳಬೇಕು. ಅಲ್ಲಿಯೂ ತಪಾಸಣೆಯ ಪ್ರಶ್ನೆ ಬಂದರೆ ಬೇಡವೆನ್ನಬೇಕು. ಹಳೆಯ ನುಡಿ, ಬರಹ ಕಡತಗಳ ಜೊತೆಗೆ ಅವುಗಳ ಫಾಂಟ್‌ಗಳನ್ನೂ ನಕಲಿಸಿಕೊಳ್ಳುವುದು ಒಳಿತು. ಯೂನಿಕೋಡ್ ಅಲ್ಲದ ಕಡತಗಳು ಫಾಂಟ್ ಇಲ್ಲದೆ ಓದಲು ಬಾರವು.

ಅನಂತರ ಡಿಸ್ಕಿನ ‘ಸ್ಮಾರ್ಟ್’ ದಾಖಲೆ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶ ಇದಕ್ಕೆ ಸಾಕು. ಬದಲಿ ಸೆಕ್ಟರ್‌ಗಳ ಸಂಖ್ಯೆ, ಬಾಕಿ ಸೆಕ್ಟರ್‌ಗಳ ಸಂಖ್ಯೆ ದಿನೇ ದಿನೇ ಏರುತ್ತಿದ್ದರೆ ಡಿಸ್ಕಿನ ಆಯುಷ್ಯ ಮುಗಿಯುತ್ತಿದೆ ಎಂದರ್ಥ. ಅವೆರಡೂ ಸೊನ್ನೆಯಾಗಿದ್ದು ಸಿಆರ್‌ಸಿ ದೋಷದ ಎಣಿಕೆ ಮಾತ್ರ ಏರುತ್ತಿದ್ದರೆ ಮೊದಲ ಶಂಕೆ ಕೇಬಲ್ಲಿನ ಮೇಲೆ. ಹಳೆಯ ಐಡಿಇ ಡಿಸ್ಕಿಗೆ 40 ತಂತಿಯದಲ್ಲ, 80 ತಂತಿಯ ಕೇಬಲ್ ಬೇಕು. ಇಂಥ ದೋಷಗಳು ಆರನ್ನು ಮೀರಿದರೆ ಎಕ್ಸ್‌ಪಿ ಮಾಹಿತಿ ವರ್ಗಾವಣೆಯ ವೇಗವನ್ನು ತಾನಾಗಿಯೇ ಇಳಿಸುತ್ತದೆ. ಯಂತ್ರ ಏಕಾಏಕಿ ನಿಧಾನವಾಗಲು ಇದೂ ಒಂದು ಕಾರಣ.

ಡಿಸ್ಕೂ ಕೇಬಲ್ಲೂ ಸರಿಯಿದ್ದರೆ ಸರದಿ ರ‍್ಯಾಮಿನದು. ‘ಮೆಮ್‌ಟೆಸ್ಟ್86+’ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಬೇಕು. ಒಂದೇ ಒಂದು ದೋಷ ಕಂಡರೂ ಅದನ್ನು ಕಡೆಗಣಿಸುವಂತಿಲ್ಲ. ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಒಂದೊಂದನ್ನೇ ಹಾಕಿ ಪರೀಕ್ಷಿಸಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ.

ಎಸ್‌ಎಂಪಿಎಸ್ ಸಹ ಪರೀಕ್ಷಾರ್ಹ. 12 ವೋಲ್ಟ್ ತಂತಿಯಲ್ಲಿ 11.4ರಿಂದ 12.6, 5 ವೋಲ್ಟ್ ತಂತಿಯಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. 2000ದ ದಶಕದ ಆರಂಭದ ಅನೇಕ ಮದರ್‌ಬೋರ್ಡ್‌ಗಳಲ್ಲಿ ಕಳಪೆ ಕೆಪಾಸಿಟರ್‌ಗಳಿದ್ದವು. ಅವುಗಳ ತಲೆ ಉಬ್ಬಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ತೆರೆಯಬಾರದು, ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಇಷ್ಟಾದ ಮೇಲೆಯೇ ‘ಚೆಕ್‌ಡಿಸ್ಕ್’ ಆಜ್ಞೆ. ‘ಎಫ್’ ಆಯ್ಕೆ ಕಡತ ವ್ಯವಸ್ಥೆಯನ್ನಷ್ಟೇ ಸರಿಪಡಿಸುತ್ತದೆ. ‘ಆರ್’ ಆಯ್ಕೆ ಇಡೀ ಡಿಸ್ಕನ್ನು ಓದುವುದರಿಂದ ಗಂಟೆಗಟ್ಟಲೆ ಹಿಡಿಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಆ ಶ್ರಮವೇ ಕೊನೆಯದಾಗಬಹುದು. ಎಕ್ಸ್‌ಪಿಯಲ್ಲಿ ತಪಾಸಣೆಯ ವರದಿ ‘ಇವೆಂಟ್ ವ್ಯೂವರ್’ನ ಅಪ್ಲಿಕೇಶನ್ ವಿಭಾಗದಲ್ಲಿ ‘ವಿನ್‌ಲಾಗಾನ್’ ಹೆಸರಿನಡಿ ಉಳಿದಿರುತ್ತದೆ. ಕೆಟ್ಟ ಸೆಕ್ಟರ್‌ಗಳಲ್ಲಿ ಎಷ್ಟು ಕಿಲೋಬೈಟ್ ಇದೆಯೆಂಬುದನ್ನು ಅದರಲ್ಲಿ ಗುರುತು ಹಾಕಿಕೊಂಡು, ಎರಡು ‘ಆರ್’ ತಪಾಸಣೆಗಳ ನಡುವೆ ಆ ಅಂಕಿ ಏರಿದ್ದರೆ ಹೊಸ ಡಿಸ್ಕ್ ಕೊಳ್ಳುವುದೇ ಸರಿ.