ಆಸ್ಪತ್ರೆಯ ಹಣ, ಪರಿಸರದ ಹಣ: ಲೆಕ್ಕ ಕೇಳುವವರು ಯಾರು?

ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಕೇರಳ ಸರ್ಕಾರದ್ದೇ ನಿಗಮಕ್ಕೆ ಸೇರಿದವು. ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣೀನಗರದಂಥ ಕನ್ನಡ-ತುಳು ಊರುಗಳಲ್ಲಿ ರೋಗಗಳು ಏಕೆ ಇಷ್ಟು ಹೆಚ್ಚು ಎಂದು ಮೊದಲು ಕೇಳಿದವರಲ್ಲಿ ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಮತ್ತು ಕೃಷಿ ಪತ್ರಕರ್ತ ಶ್ರೀ ಪಡ್ರೆ ಇದ್ದರು. ಕೇಳಬೇಕಾಗಿದ್ದ ಸರ್ಕಾರಿ ಸಂಸ್ಥೆಗಳು ಕೇಳಿರಲಿಲ್ಲ.

ಆ ಸಂಸ್ಥೆಗಳು ಒಂದೆರಡಲ್ಲ. ಕೀಟನಾಶಕದ ನೋಂದಣಿ 1968ರ ಕಾಯ್ದೆಯಡಿ ಕೇಂದ್ರ ಕೃಷಿ ಸಚಿವಾಲಯದ ಕೆಲಸ. ನೀರಿನ ಮಾಲಿನ್ಯ ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಚಿಕಿತ್ಸೆ ಆರೋಗ್ಯ ಇಲಾಖೆಯದು. ಇವುಗಳಿಗೆ ಹಣ ಮತ್ತು ಅಧಿಕಾರ ಕೊಡುವುದು ಸಂಸತ್ತು ಅಥವಾ ವಿಧಾನಸಭೆ. ಕೊಟ್ಟ ಹಣ ಏನಾಯಿತು, ಕೆಲಸ ನಡೆಯಿತೇ ಎಂದು ಕೇಳುವ ಹೊಣೆಯೂ ಅವುಗಳದ್ದೇ. ಈ ಕೇಳುವ ಕೆಲಸ ಹೇಗೆ ನಡೆಯುತ್ತದೆ ಎಂಬುದು ಇಲ್ಲಿನ ವಿಷಯ.

ಸದನದಲ್ಲಿ ಚರ್ಚೆ ಆಗುವುದು ಕಡಿಮೆ

ಬಜೆಟ್ ಮಂಡನೆಯಾದ ಮೇಲೆ ಪ್ರತಿ ಸಚಿವಾಲಯದ ಖರ್ಚು 'ಅನುದಾನ ಬೇಡಿಕೆ' ಎಂಬ ಹೆಸರಿನಲ್ಲಿ ಲೋಕಸಭೆಯ ಮತಕ್ಕೆ ಬರುತ್ತದೆ. ನಾಲ್ಕಾರು ಸಚಿವಾಲಯಗಳ ಬೇಡಿಕೆ ಮಾತ್ರ ಚರ್ಚೆಗೆ ಸಿಗುತ್ತದೆ. ಉಳಿದವನ್ನು ಕೊನೆಯ ದಿನ ಒಟ್ಟಿಗೇ ಮತಕ್ಕೆ ಹಾಕುತ್ತಾರೆ. ಇದಕ್ಕೆ ಸಂಸತ್ತಿನವರೇ ಇಟ್ಟ ಹೆಸರು ಗಿಲೋಟಿನ್, ಅಂದರೆ ತಲೆ ಕಡಿಯುವ ಯಂತ್ರ. 2018 ಮತ್ತು 2023ರಲ್ಲಿ ಗದ್ದಲದ ನಡುವೆ ಎಲ್ಲ ಸಚಿವಾಲಯಗಳ ಬೇಡಿಕೆಗಳೂ ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಪಾಸಾದವು. ಆರೋಗ್ಯವೂ ಅದರಲ್ಲಿತ್ತು, ಪರಿಸರವೂ ಇತ್ತು.

ಹೀಗಾಗಿ ನಿಜವಾದ ವಿಚಾರಣೆ ಸಮಿತಿಗಳಲ್ಲಿ. ಇಲಾಖಾವಾರು ಸ್ಥಾಯಿ ಸಮಿತಿಗಳು ಶುರುವಾದದ್ದು 1993ರಲ್ಲಿ, ಆಗ 17. 2004ರಿಂದ 24. ಪ್ರತಿಯೊಂದರಲ್ಲಿ 31 ಸದಸ್ಯರು, ಲೋಕಸಭೆಯ 21 ಮಂದಿ ಮತ್ತು ರಾಜ್ಯಸಭೆಯ 10 ಮಂದಿ. ಸಚಿವರು ಸದಸ್ಯರಾಗುವಂತಿಲ್ಲ. ಸಾಕ್ಷ್ಯಕ್ಕೆ ಬಂದು ಕೂರುವವರು ಇಲಾಖೆಯ ಕಾರ್ಯದರ್ಶಿಗಳು. ಆರೋಗ್ಯಕ್ಕೆ ಒಂದು ಸಮಿತಿ ಇದೆ. ಪರಿಸರವು ವಿಜ್ಞಾನ-ತಂತ್ರಜ್ಞಾನದ ಜೊತೆ ಇನ್ನೊಂದು ಸಮಿತಿಯಲ್ಲಿದೆ. ಎರಡೂ ರಾಜ್ಯಸಭೆಯ ಅಧೀನದವು. ಸಭೆ ಬಾಗಿಲು ಮುಚ್ಚಿಯೇ ನಡೆಯುತ್ತದೆ, ಟಿ.ವಿ. ಇಲ್ಲ. ಪಕ್ಷದ ಭಾಷಣ ಅಲ್ಲಿ ಸ್ವಲ್ಪ ಕಡಿಮೆ ಆಗಲು ಇದೂ ಒಂದು ಕಾರಣ.

ಇಂಥ ವರದಿಯಿಂದ ಏನು ತಿಳಿಯುತ್ತದೆ ಎಂಬುದಕ್ಕೆ 2025ರ ಮಾರ್ಚ್ ತಿಂಗಳ ಉದಾಹರಣೆ ನೋಡಬಹುದು. 2024-25ರಲ್ಲಿ 'ಮಾಲಿನ್ಯ ನಿಯಂತ್ರಣ' ಯೋಜನೆಗೆ ಪರಿಸರ ಸಚಿವಾಲಯ ಇಟ್ಟುಕೊಂಡ ಹಣ 858 ಕೋಟಿ ರೂಪಾಯಿ. ಜನವರಿಯವರೆಗೆ ಅದರಲ್ಲಿ ಖರ್ಚಾದದ್ದು ಶೇ. 1ಕ್ಕಿಂತಲೂ ಕಡಿಮೆ ಎಂದು ಸಮಿತಿ ಪತ್ತೆ ಮಾಡಿತು. ಯೋಜನೆ ಮುಂದುವರಿಸಲು ಒಪ್ಪಿಗೆ ಇನ್ನೂ ಸಿಕ್ಕಿಲ್ಲ ಎಂಬುದು ಸಚಿವಾಲಯದ ಉತ್ತರ. ಬಜೆಟ್ ದಿನದ ಪತ್ರಿಕೆ ಓದಿದವರಿಗೆ 858 ಕೋಟಿ ಕಾಣುತ್ತದೆ. ಖರ್ಚಾಗದ ಸಂಗತಿ ತಿಳಿಯಲು ಸಮಿತಿಯ ವರದಿಯನ್ನೇ ಓದಬೇಕು.

ಕಡತವೇ ಇಲ್ಲದ ಔಷಧಗಳು

ಸ್ಥಾಯಿ ಸಮಿತಿ ಹಣದ ಲೆಕ್ಕದಲ್ಲೇ ನಿಲ್ಲಬೇಕೆಂದಿಲ್ಲ. ಆರೋಗ್ಯ ಸಮಿತಿಯ 59ನೇ ವರದಿ, 2012ರ ಮೇ ತಿಂಗಳಲ್ಲಿ ಬಂದದ್ದು, ಈ ಮಾತಿಗೆ ಒಳ್ಳೆಯ ಸಾಕ್ಷಿ. ಹೊಸ ಔಷಧಗಳಿಗೆ ಅನುಮತಿ ಕೊಡುವ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಹೇಗೆ ಕೆಲಸ ಮಾಡುತ್ತಿದೆ ಎಂದು ಸಮಿತಿ ನೋಡಹೊರಟಿತು. ಯಾವುದೋ 42 ಔಷಧಗಳ ಕಡತ ತನ್ನಿ ಎಂದಿತು. ಮೂರರ ಕಡತ ಸಿಗಲೇ ಇಲ್ಲ. ಉಳಿದ 39ರಲ್ಲಿ 11 ಔಷಧಗಳಿಗೆ, ನಿಯಮದಂತೆ ಭಾರತೀಯ ರೋಗಿಗಳ ಮೇಲೆ ನಡೆಯಬೇಕಿದ್ದ ಮೂರನೇ ಹಂತದ ಪರೀಕ್ಷೆ ನಡೆದಿರಲಿಲ್ಲ. ಬೇರೆ ಬೇರೆ ಊರಿನ ತಜ್ಞ ವೈದ್ಯರು ಬರೆದುಕೊಟ್ಟ ಶಿಫಾರಸು ಪತ್ರಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವು. ಕಂಪನಿಯವರೇ ಬರೆದು ಸಹಿ ಹಾಕಿಸಿರಬೇಕು ಎಂಬ ಅನುಮಾನವನ್ನು ಸಮಿತಿ ಮುಚ್ಚಿಡಲಿಲ್ಲ.

ಸರ್ಕಾರ ತಜ್ಞರ ತಂಡ ನೇಮಿಸಿತು. 2013ರಲ್ಲಿ ಪ್ರೊ. ರಂಜಿತ್ ರಾಯ್ ಚೌಧುರಿ ಸಮಿತಿಯೂ ಬಂತು. ಹೊಸ ಔಷಧ ಮತ್ತು ಪ್ರಯೋಗಗಳ ನಿಯಮಾವಳಿ ಹೊರಬಂದದ್ದು 2019ರಲ್ಲಿ. ನಡುವೆ ಏಳು ವರ್ಷ.

ಈ ನಿಧಾನಕ್ಕೆ ಕಾರಣ ಇದೆ. ಸಮಿತಿಯ ಮಾತು ಸಲಹೆ ಮಾತ್ರ, ಆದೇಶವಲ್ಲ. ಸರ್ಕಾರ ಪ್ರತಿ ಶಿಫಾರಸಿಗೂ ಉತ್ತರ ಕೊಡಬೇಕು. ಆ ಉತ್ತರದ ಮೇಲೆ ಸಮಿತಿ 'ಕೈಗೊಂಡ ಕ್ರಮ'ದ ವರದಿ ಬರೆಯುತ್ತದೆ. 2004ರಿಂದ ಸಚಿವರು ಆರು ತಿಂಗಳಿಗೊಮ್ಮೆ ಸದನದಲ್ಲಿ ಹೇಳಿಕೆಯನ್ನೂ ಕೊಡಬೇಕಾಗಿದೆ. ಅಷ್ಟಾದರೂ 'ಪರಿಶೀಲನೆಯಲ್ಲಿದೆ' ಎಂಬ ಒಂದು ಪದ ವರ್ಷಗಟ್ಟಲೆ ಸಾಕಾಗುತ್ತದೆ. ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಪದ ಹೊಸದೇನಲ್ಲ.

ಖರ್ಚಾದ ಮೇಲಿನ ಲೆಕ್ಕ

ಇಷ್ಟು ಖರ್ಚಿಗೆ ಮುಂಚಿನ ಮತ್ತು ನಡುವಿನ ಮಾತು. ಖರ್ಚಾದ ಮೇಲೆ ಸಿಎಜಿ, ಅಂದರೆ ಮಹಾಲೇಖಪಾಲರು, ಲೆಕ್ಕ ಪರಿಶೋಧಿಸುತ್ತಾರೆ. ಅವರ ವರದಿಯನ್ನು ಹಿಡಿದು ಅಧಿಕಾರಿಗಳನ್ನು ಪ್ರಶ್ನಿಸುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. 1921ರಿಂದ ಇರುವ ಈ ಸಮಿತಿಗೆ 1967ರಿಂದ ವಿರೋಧ ಪಕ್ಷದವರು ಅಧ್ಯಕ್ಷರಾಗುವ ಸಂಪ್ರದಾಯವಿದೆ.

ಗ್ರಾಮೀಣ ಆರೋಗ್ಯ ಅಭಿಯಾನದ ತಾಯಿ-ಮಕ್ಕಳ ಆರೋಗ್ಯ ಭಾಗದ ಬಗ್ಗೆ 2017ರಲ್ಲಿ ಬಂದ ಸಿಎಜಿ ವರದಿಯ ಅಂಕಿ ಗಮನಿಸಬೇಕಾದದ್ದು. 27 ರಾಜ್ಯಗಳಲ್ಲಿ ಖರ್ಚಾಗದೆ ಉಳಿದ ಹಣ 2011-12ರಲ್ಲಿ 7,375 ಕೋಟಿ ರೂಪಾಯಿ ಇದ್ದದ್ದು 2015-16ಕ್ಕೆ 9,509 ಕೋಟಿಗೆ ಏರಿತ್ತು. ಹಳ್ಳಿಯ ಉಪಕೇಂದ್ರದಲ್ಲಿ ಔಷಧ ಇಲ್ಲ ಎಂದರೆ ಹಣ ಬಂದಿಲ್ಲ ಎಂದೇ ಅರ್ಥವಲ್ಲ. ಅದೇ ವರ್ಷ ಆಹಾರ ಸುರಕ್ಷತೆಯ ಬಗ್ಗೆಯೂ ಒಂದು ವರದಿ ಬಂತು. ಮಾದರಿಗಳನ್ನು ಕಳಿಸುತ್ತಿದ್ದ ರಾಜ್ಯಗಳ 72 ಪ್ರಯೋಗಾಲಯಗಳಲ್ಲಿ 65ಕ್ಕೆ ರಾಷ್ಟ್ರೀಯ ಮಾನ್ಯತೆಯೇ ಇರಲಿಲ್ಲ.

ಮಾಲಿನ್ಯ ನಿಯಂತ್ರಣ ಮಂಡಳಿಗಳ ವಿಷಯ ಬೇರೆ. ಕಾರ್ಖಾನೆಗಳಿಗೆ ಒಪ್ಪಿಗೆ ಕೊಡುವಾಗ ವಸೂಲು ಮಾಡುವ ಶುಲ್ಕ ರಾಜ್ಯ ಮಂಡಳಿಗಳ ದೊಡ್ಡ ಆದಾಯ. ಬಜೆಟ್ ಹಣ ಕಡಿಮೆಯಾದಷ್ಟೂ ಬಜೆಟ್ ಮೂಲಕ ಕೇಳುವ ಪ್ರಶ್ನೆಯೂ ಕಡಿಮೆ. ಆದರೆ 1974ರ ಜಲ ಕಾಯ್ದೆಯ ಪ್ರಕಾರ ಮಂಡಳಿಯ ವಾರ್ಷಿಕ ವರದಿ ಆಯಾ ವಿಧಾನಸಭೆಯ ಮುಂದೆ ಬರಲೇಬೇಕು. ಬಂದಿದೆಯೇ ಎಂದು ಶಾಸಕರು ಕೇಳಬಹುದು, ಮತದಾರರು ಶಾಸಕರನ್ನು ಕೇಳಬಹುದು.

ಹಲವು ಇಲಾಖೆ, ಒಂದು ವಿಷ

ಎಂಡೋಸಲ್ಫಾನ್ ಮಾತಿಗೆ ಮತ್ತೆ ಬರಬೇಕು. ಕೀಟನಾಶಕ ಕೃಷಿ ಸಮಿತಿಯ ವಿಷಯ, ರೋಗ ಆರೋಗ್ಯ ಸಮಿತಿಯ ವಿಷಯ, ಬಾವಿಯ ನೀರು ಪರಿಸರ ಸಮಿತಿಯ ವಿಷಯ. ಪಡ್ರೆಯ ಮನೆಯಲ್ಲಿ ಮೂರೂ ಒಂದೇ ಕಷ್ಟ, ದೆಹಲಿಯಲ್ಲಿ ಮೂರು ಕೋಣೆ. ಈ ಗೋಡೆ ದಾಟಿದ ಅಪರೂಪದ ಪ್ರಯತ್ನ 2003ರದ್ದು. ತಂಪು ಪಾನೀಯಗಳಲ್ಲಿ ಕೀಟನಾಶಕದ ಅಂಶ ಇದೆ ಎಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಆ ಆಗಸ್ಟ್‌ನಲ್ಲಿ ಹೇಳಿದಾಗ ಶರದ್ ಪವಾರ್ ಅಧ್ಯಕ್ಷತೆಯಲ್ಲಿ ಜಂಟಿ ಸಂಸದೀಯ ಸಮಿತಿ ರಚನೆಯಾಯಿತು. ಕೇಂದ್ರದ ಪರೀಕ್ಷೆ ಸರಿ ಎಂದು ಸಮಿತಿ ಒಪ್ಪಿತು. ಆಹಾರದಲ್ಲಿ ಉಳಿಯಬಹುದಾದ ಕೀಟನಾಶಕಕ್ಕೆ ಮಿತಿ ಗೊತ್ತುಮಾಡುವುದರಲ್ಲಿ ಇದ್ದ ಹುಳುಕನ್ನೂ ಬರೆಯಿತು. ವರದಿ ಸದನಕ್ಕೆ ಬಂದದ್ದು 2004ರ ಫೆಬ್ರುವರಿ 4ರಂದು. ಎರಡು ದಿನದ ಬಳಿಕ ಲೋಕಸಭೆಯೇ ವಿಸರ್ಜನೆಯಾಯಿತು. ಆಹಾರ ಸುರಕ್ಷತಾ ಕಾಯ್ದೆ ಆದದ್ದು 2006ರಲ್ಲಿ.

ಕಾಸರಗೋಡಿನಲ್ಲಿ ಅಂಥ ಸಮಿತಿ ಕೂರಲಿಲ್ಲ. ಕೆಲಸ ನಡೆದದ್ದು ನ್ಯಾಯಾಲಯದ ಮೂಲಕ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಕೇರಳ ಸರ್ಕಾರಕ್ಕೆ ಹೇಳಿತು. 2022ರಲ್ಲೂ ಅದೇ ಹಣಕ್ಕಾಗಿ ಸಂತ್ರಸ್ತರು ಅದೇ ಕೋರ್ಟಿನ ಬಾಗಿಲು ತಟ್ಟಬೇಕಾಯಿತು.

ಗಡಿಯವರು ಎಲ್ಲಿ ಕೇಳಬೇಕು?

ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿವೆ. ಆದ್ದರಿಂದ ತಾಳವಾಡಿಯ ಆಸ್ಪತ್ರೆಯ ಲೆಕ್ಕ ಚೆನ್ನೈಗೆ, ಅಕ್ಕಲಕೋಟೆ-ಜತ್ತದ್ದು ಮುಂಬೈಗೆ, ಕಾಸರಗೋಡಿನದ್ದು ತಿರುವನಂತಪುರಕ್ಕೆ ಸೇರುತ್ತದೆ. ಭಾಷೆ ಕನ್ನಡವಾದರೂ ಬೆಂಗಳೂರಿನ ವಿಧಾನಸಭೆ ಈ ಲೆಕ್ಕ ಕೇಳಲು ಬರುವುದಿಲ್ಲ. ಪ್ರತಿ ರಾಜ್ಯದ ಬಗ್ಗೆಯೂ ಸಿಎಜಿ ಪ್ರತ್ಯೇಕ ವರದಿ ಕೊಡುತ್ತಾರೆ. ಕೇರಳದಲ್ಲಿ 1980ರಿಂದಲೇ ವಿಷಯ ಸಮಿತಿಗಳಿವೆ, ಬಜೆಟ್ ಬೇಡಿಕೆಗಳು ಅವುಗಳ ಮುಂದೆ ಹೋಗುತ್ತವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಂಥ ಯೋಜನೆಯಲ್ಲಿ ಈ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40ರ ಪಾಲು. ಹೀಗಾಗಿ ಅದರ ಪ್ರಶ್ನೆಯನ್ನು ಸಂಸದರೂ ಕೇಳಬಹುದು, ಶಾಸಕರೂ ಕೇಳಬಹುದು. ಹೊಣೆ ಅತ್ತಿತ್ತ ತಳ್ಳಲು ಇದೇ ಹಂಚಿಕೆ ನೆಪವಾಗುವುದೂ ಉಂಟು.

ಹಳ್ಳಿಯವರು ನೇರವಾಗಿ ಸಂಸತ್ತಿನ ಅರ್ಜಿಗಳ ಸಮಿತಿಗೂ ಹೋಗಬಹುದು. ಕುಷ್ಠರೋಗ ಬಂದು ಗುಣವಾದವರನ್ನು ಸಮಾಜ ಸೇರಿಸಿಕೊಳ್ಳಬೇಕೆಂಬ ಅರ್ಜಿಯೊಂದನ್ನು ರಾಜ್ಯಸಭೆಯ ಅರ್ಜಿ ಸಮಿತಿ ಎತ್ತಿಕೊಂಡು 2008ರಲ್ಲಿ ಪೂರ್ತಿ ವರದಿಯನ್ನೇ ಕೊಟ್ಟಿತು. ಅರ್ಜಿಯನ್ನು ಸದನದಲ್ಲಿ ಮಂಡಿಸಲು ಒಬ್ಬ ಸಂಸದರ ಸಹಿ ಬೇಕು. ಕೋರ್ಟಿನಲ್ಲಿರುವ ವಿಷಯವಾದರೆ ತೆಗೆದುಕೊಳ್ಳುವುದಿಲ್ಲ.

ಭಾಷೆಯ ಪ್ರಶ್ನೆ ಸಹಜ. ಸ್ಥಾಯಿ ಸಮಿತಿಗಳ ವರದಿಗಳು ಸಂಸತ್ತಿನ ಜಾಲತಾಣದಲ್ಲಿ ಇಂಗ್ಲಿಷ್, ಹಿಂದಿಯಲ್ಲಿ ಹಣವಿಲ್ಲದೆ ಸಿಗುತ್ತವೆ, ಕನ್ನಡದಲ್ಲಿಲ್ಲ. ಆದರೆ ದೂರು-ಅಹವಾಲು ಕೊಡಲು ಸಂವಿಧಾನದ 350ನೇ ವಿಧಿಯ ಪ್ರಕಾರ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯನ್ನಾದರೂ ಬಳಸಬಹುದು. ಲೋಕಸಭೆಗೆ ಕನ್ನಡದಲ್ಲೇ ಅರ್ಜಿ ಬರೆದರೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಜೊತೆಗಿಡಬೇಕು. ಆ ಅನುವಾದಕ್ಕೂ ಅರ್ಜಿದಾರರ ಸಹಿ ಇರಬೇಕು.